ಮಿತವ್ಯಯದ ಕಟ್ಟಡವಿದ್ಯೆ: ಉನ್ನತ ವ್ಯಾಸಂಗದ ಒಂದು ಪರ್ಯಾಲೋಚನೆ

ನಮ್ಮಲ್ಲಿ ಮನೆ ಕಟ್ಟಿಸಲು ಹೊರಟ ಗೃಹಸ್ಥನು ಮೇಸ್ತ್ರಿಯನ್ನೋ ಇಂಜಿನಿಯರನ್ನೋ ಕಂಡೊಡನೆ ಕೇಳತಕ್ಕ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಚದರಕ್ಕೆ ಎಷ್ಟು ಬೀಳುತ್ತದೆ, ಗೃಹಪ್ರವೇಶಕ್ಕೆ ಯಾವ ತಿಂಗಳು ಹಿಡಿಯಬಹುದು. ಈ ಎರಡರ ಬೆನ್ನ ಹಿಂದೆ ಮೂರನೆಯ ಪ್ರಶ್ನೆಯೊಂದು ಅಡಗಿರುತ್ತದೆ. ಅದನ್ನು ಅವನು ಕೇಳುವುದಿಲ್ಲ, ಕೇಳಿದರೂ ಬಹುಮಂದಿ ಇಂಜಿನಿಯರುಗಳಿಗೆ ಉತ್ತರ ತಿಳಿದಿರುವುದಿಲ್ಲ. ಆ ಒಂದು ಚದರ ಮೇಲೇಳುವುದಕ್ಕಾಗಿ ಎಲ್ಲೋ ಒಂದು ಗೂಡಿನಲ್ಲಿ ಎಷ್ಟು ಸೌದೆ, ಎಷ್ಟು ಕಲ್ಲಿದ್ದಲು ಉರಿಯಿತು, ಯಾವ ಊರಿನ ಹೊಲದ ಮೇಲ್ಮಣ್ಣು ಇಟ್ಟಿಗೆಯಾಗಿ ಹೊರಟುಹೋಯಿತು, ಯಾವ ಹೊಳೆಯ ಮರಳು ಬರಿದಾಯಿತು, ಮನೆ ನಿಂತ ಮೇಲೆ ಅದನ್ನು ತಂಪಾಗಿಯೂ ಬೆಳಕಾಗಿಯೂ ಇಟ್ಟುಕೊಳ್ಳಲು ಮುಂದಿನ ಐವತ್ತು ವರ್ಷ ಎಷ್ಟು ವಿದ್ಯುತ್ತು ನೀರು ವ್ಯಯವಾಗಬೇಕು ಎಂಬುದೇ ಆ ಪ್ರಶ್ನೆ. ಸುಸ್ಥಿರ ಕಟ್ಟಡ ನಿರ್ಮಾಣವೆಂಬ ಹೆಸರಿನಲ್ಲಿ ಇಂದು ಸ್ನಾತಕೋತ್ತರ ತರಗತಿಗಳಲ್ಲಿ ಬೋಧಿಸಲ್ಪಡುತ್ತಿರುವ ಶಾಸ್ತ್ರವು ಈ ಮೂರನೆಯ ಪ್ರಶ್ನೆಗೆ ಅಂಕೆಗಳಲ್ಲಿ ಉತ್ತರ ಹೇಳುವುದಕ್ಕಾಗಿಯೇ ಹುಟ್ಟಿಕೊಂಡದ್ದು.

ಇದು ಪದವಿಯ ಮಟ್ಟದಲ್ಲಿಯೇ ಕಲಿಸಬಹುದಾದ ವಿಷಯವಲ್ಲವೇ ಎಂದು ಯಾರಾದರೂ ಶಂಕಿಸಬಹುದು. ಸಿವಿಲ್ ಇಂಜಿನಿಯರಿಂಗ್ ಓದಿದವನು ತೊಲೆ ಎಷ್ಟು ಭಾರ ಹೊರುತ್ತದೆಂಬುದನ್ನು ಕಲಿತು ಬರುತ್ತಾನೆ. ವಾಸ್ತುಶಿಲ್ಪ ಓದಿದವಳು ಸ್ಥಳಾವಕಾಶವನ್ನೂ ರೂಪವನ್ನೂ ಯೋಜಿಸುವುದನ್ನು ಕಲಿತು ಬರುತ್ತಾಳೆ. ಯಂತ್ರಶಾಸ್ತ್ರದವನು ಶಾಖವನ್ನು ಹೊರದೂಡುವ ಉಪಾಯಗಳನ್ನು ಬಲ್ಲನು. ಗೋಡೆಯೊಂದು ಏಕಕಾಲದಲ್ಲಿ ಭಾರವನ್ನು ಹೊತ್ತು, ಬಿಸಿಲನ್ನು ತಡೆದು, ಕಣ್ಣಿಗೆ ಹಿತವಾಗಿ, ನಾಡಿನ ಮಣ್ಣನ್ನೂ ಇಂಧನವನ್ನೂ ಕಡಮೆ ಬಳಸಬೇಕಾದಾಗ ಈ ಮೂವರೂ ತಮ್ಮ ತಮ್ಮ ಮಾತಿನಲ್ಲಿ ತಾವು ಮಾತಾಡಿಕೊಂಡರೆ ಕೆಲಸ ಸಾಗದು. ಪದವಿಯ ನಾಲ್ಕೈದು ವರ್ಷಗಳು ಒಂದೊಂದು ಶಾಸ್ತ್ರದ ವ್ಯಾಕರಣಕ್ಕೇ ಸಾಲುವುದಿಲ್ಲವಾದ ಕಾರಣ, ಮೂವರನ್ನೂ ಒಂದೇ ಗೋಡೆಯ ಮುಂದೆ ನಿಲ್ಲಿಸುವ ಕಾರ್ಯವು ಸ್ನಾತಕೋತ್ತರ ವ್ಯಾಸಂಗಕ್ಕೇ ಉಳಿಯುತ್ತದೆ.

ಈ ವ್ಯಾಸಂಗದ ಪೂರ್ವೇತಿಹಾಸದಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನಕ್ಕೆ ಒಂದು ಪಾಲಿದೆಯೆಂಬುದು ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿಯದು. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ದೆಸೆಯಿಂದ ದೇಶಬಿಟ್ಟ ಆಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿ 1939ರಲ್ಲಿ ಬೆಂಗಳೂರಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅದಕ್ಕೆ ಕೆಲವು ವರ್ಷ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಹೋಗಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರಿಗೆ ಸೋದರಮಾವ. ಯುರೋಪಿನಲ್ಲಿ ಕಲಿತ ಪಾಠಗಳಲ್ಲಿ ಇಲ್ಲಿಗೆ ಎಷ್ಟು ಒಗ್ಗುತ್ತವೆ, ಎಷ್ಟನ್ನು ಕೈಬಿಡಬೇಕು ಎಂಬುದನ್ನು ಅವರು ಈ ನೆಲದ ಬಿಸಿಲು ಮಳೆಗಳ ನಡುವೆ ಕಟ್ಟುತ್ತಲೇ ಅರಿತುಕೊಂಡರು. ಆ ಕಾಲವಾದರೋ ಮಹಾಯುದ್ಧದ ಕಾಲ, ಸಿಮೆಂಟು ಉಕ್ಕುಗಳೆರಡೂ ದುರ್ಲಭ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕೈಯಿಂದ ಮೂಡಿದ ಕಟ್ಟಡಗಳನ್ನು ಇಂದಿಗೂ ನೋಡಬಹುದು. ಸ್ವಾತಂತ್ರ್ಯಾನಂತರ ಕೇಂದ್ರ ಸರಕಾರದ ವಸತಿ ನಿರ್ದೇಶಕರಾಗಿ ಕೆಲಕಾಲ ದುಡಿದು, 1951ರಲ್ಲಿ ಅವರು ಲಂಡನ್ನಿಗೆ ಹೊರಟುಹೋದರು.

ಅಲ್ಲಿ 1953ರಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತು ಸಮ್ಮೇಳನವೊಂದು ನೆರೆಯಿತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಯೊಬ್ಬನು, ತನಗೆ ದೊರೆತ ಶಿಕ್ಷಣವು ತನ್ನ ದೇಶದ ಹವೆಗೆ ಒದಗತಕ್ಕದ್ದಲ್ಲವೆಂದು ಅಹವಾಲು ತೋಡಿಕೊಂಡದ್ದು ಆ ಸಮ್ಮೇಳನಕ್ಕೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. ಮರುವರ್ಷವೇ ಅಲ್ಲಿಯ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯ ವಾಸ್ತುಶಿಲ್ಪ ವಿಭಾಗವು ಮ್ಯಾಕ್ಸ್‌ವೆಲ್ ಫ್ರೈ ಅವರ ನೇತೃತ್ವದಲ್ಲಿ ತೆರೆಯಿತು. ಬಳಿಕ ಅದರ ಹೊಣೆ ಕೋನಿಗ್ಸ್‌ಬರ್ಗರರ ಹೆಗಲಿಗೆ ಬಂದಿತು. ಪದವಿ ಮುಗಿಸಿದವರಿಗಾಗಿ ಹವಾಗುಣವನ್ನೇ ಮೂಲಸೂತ್ರವಾಗಿಟ್ಟುಕೊಂಡು ನಡೆದ ಮೊದಮೊದಲ ಪಾಠಕ್ರಮಗಳಲ್ಲಿ ಅದೊಂದು. ಮೈಸೂರು ಸೀಮೆಯಲ್ಲಿ ಒಂಬತ್ತು ವರ್ಷ ಕಟ್ಟಿಸಿದವನ ಅನುಭವವು ಆಫ್ರಿಕ, ಏಷ್ಯಾ, ದಕ್ಷಿಣ ಅಮೆರಿಕಗಳಿಂದ ಬಂದ ವಿದ್ಯಾರ್ಥಿಗಳಿಗೆ ಲಂಡನ್ನಿನಲ್ಲಿ ಪಾಠವಾಯಿತು. ಎಪ್ಪತ್ತರ ದಶಕದಲ್ಲಿ ಅವರೂ ಅವರ ಸಹಚರರೂ ಸೇರಿ ಬರೆದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ ಹಡಗು ಹತ್ತಿ ಹಿಂದಿರುಗಿ ಬಂದು ನಮ್ಮ ಕಾಲೇಜುಗಳ ಪಠ್ಯಪುಸ್ತಕವಾಯಿತು.

ಆ ಶಾಲೆಯಿಂದ ಹೊರಟ ಸಲಕರಣೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಹೋನಿ ಕೋಷ್ಟಕ. ಒಂದು ಊರಿನ ಹನ್ನೆರಡು ತಿಂಗಳ ಗರಿಷ್ಠ ಕನಿಷ್ಠ ಉಷ್ಣತೆ, ತೇವ, ಮಳೆ ಇಷ್ಟನ್ನು ಗೆರೆ ಎಳೆದ ಹಾಳೆಯ ಮೇಲೆ ತುಂಬಿ, ಹಗಲು ಇರುಳುಗಳ ಅಂತರವನ್ನು ಕಳೆದು ಬರೆದು, ಯಾವ ತಿಂಗಳು ಗಾಳಿಯಾಡಬೇಕು, ಯಾವ ತಿಂಗಳು ಗೋಡೆ ದಪ್ಪನಿರಬೇಕು, ಎಲ್ಲಿ ಮಳೆಯ ಇರಚಲಿಗೆ ಅಡ್ಡ ಬೇಕು ಎಂದು ಗುರುತು ಹಾಕುತ್ತ ಬಂದರೆ, ಕಿಟಕಿಯ ಅಳತೆ, ಸೂರಿನ ಭಾರ, ಮನೆಯ ಮುಖ ಇವೆಲ್ಲವೂ ಸಾಲಾಗಿ ಇಳಿದುಬರುತ್ತವೆ. ಇದಕ್ಕೆ ಬೇಕಾದದ್ದು ಪೆನ್ಸಿಲು ಮತ್ತು ಹವಾಮಾನ ಇಲಾಖೆಯ ಅಂಕೆಗಳು. ಗಣಕಯಂತ್ರದ ಮುಂದೆ ಕೂರುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹುಟ್ಟೂರಿನ ಕೋಷ್ಟಕವೊಂದನ್ನು ಕೈಯಾರೆ ತುಂಬಬೇಕೆಂಬುದು ನನ್ನ ಹಠ. ಮಂಗಳೂರಿನವನಿಗೂ ಕಲಬುರಗಿಯವಳಿಗೂ ಬರುವ ಉತ್ತರಗಳು ಎಷ್ಟು ಬೇರೆ ಎಂಬುದನ್ನು ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತು ನೋಡಿಕೊಂಡವರು ಎಲ್ಲ ಊರಿಗೂ ಒಂದೇ ಗಾಜಿನ ಪೆಟ್ಟಿಗೆಯನ್ನು ಬರೆದುಕೊಡಲು ಹಿಂಜರಿಯುತ್ತಾರೆ.

ಈ ವ್ಯಾಸಂಗದ ಎರಡನೆಯ ಮೂಲವು ನೇರವಾಗಿ ಬೆಂಗಳೂರಿನದೇ. 1974ರಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ ರೆಡ್ಡಿಯವರ ಮುಂದಾಳುತನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಕೇಂದ್ರವನ್ನು ಸ್ಥಾಪಿಸಿತು. ಅಸ್ತ್ರ ಒಲೆಯಿಂದಾಗಿ ಆ ಹೆಸರು ನಮ್ಮ ಹಳ್ಳಿಯ ಅಡುಗೆಮನೆಗಳಿಗೂ ಗೊತ್ತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರ ನಡೆಯಿತು. ಒಲೆ, ಗೋಬರ್ ಅನಿಲಗಳ ಜೊತೆಯಲ್ಲಿಯೇ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಗೋಡೆಯನ್ನು ಪ್ರಯೋಗಶಾಲೆಯ ಗಂಭೀರ ವಸ್ತುವಾಗಿ ಎತ್ತಿಕೊಂಡರು. ಕೇಂದ್ರವು ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂದು ಕರೆಸಿಕೊಳ್ಳುತ್ತಿದೆ.

ಅವರು ಮಾಡಿದ ಸಾಧನೆಯ ತಿರುಳು ಅಳತೆಯಲ್ಲಿದೆ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೇಖನವೊಂದು, ನಮ್ಮ ದೇಶದ ಕಟ್ಟಡ ಸಾಮಗ್ರಿಗಳು ತಯಾರಾಗುವಾಗಲೇ ನುಂಗಿಕೊಂಡಿರುವ ಶಕ್ತಿಯನ್ನು, ಅಂದರೆ ಅವುಗಳ ಅಂತರ್ಗತ ಶಕ್ತಿಯನ್ನು, ಒಂದೊಂದಾಗಿ ಲೆಕ್ಕಹಾಕಿ ತೋರಿಸಿತು. ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 236.8. ಸುಟ್ಟ ಇಟ್ಟಿಗೆಯ ಒಂದು ಘನಮೀಟರ್ ಕಟ್ಟೋಣಕ್ಕೆ 2141 ಮೆಗಾಜೂಲ್ ಬೇಕಾದರೆ, ನೂರಕ್ಕೆ 6 ಪಾಲು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಕಟ್ಟೋಣಕ್ಕೆ 646 ಸಾಕು. ಇಟ್ಟಿಗೆಯ ಗೋಡೆಗಳ ಮೇಲೆ ನಿಂತ ಎರಡು ಅಂತಸ್ತಿನ ಮನೆಯು ಪ್ರತಿ ಚದರ ಮೀಟರಿಗೆ 2.92 ಗಿಗಾಜೂಲ್ ಬಳಸಿದರೆ, ಮಣ್ಣಿನ ಇಟ್ಟಿಗೆಯ ಅಂಥದೇ ಮನೆ 1.61ರಲ್ಲಿ ಮುಗಿಯುತ್ತದೆ, ಕಾಂಕ್ರೀಟು ಚೌಕಟ್ಟಿನ ಬಹುಮಹಡಿ ಕಟ್ಟಡದ ಲೆಕ್ಕ 4.21. ಈ ಅಂಕೆಗಳನ್ನು ಗೃಹಸ್ಥನ ಭಾಷೆಗೆ ಇಳಿಸಿ ನೋಡೋಣ: ನೂರು ಚದರ ಮೀಟರಿನ ಮನೆಯಲ್ಲಿ ಮೊದಲೆರಡರ ನಡುವಣ ವ್ಯತ್ಯಾಸವು 131 ಗಿಗಾಜೂಲ್. ಶಕ್ತಿಯ ಬರಿಯ ಲೆಕ್ಕದಲ್ಲಿ ಅದು ಸುಮಾರು 36,000 ಯೂನಿಟ್ಟು ವಿದ್ಯುತ್ತಿಗೆ ಸಮಾನ. ತಿಂಗಳಿಗೆ 100 ಯೂನಿಟ್ಟು ಬಳಸುವ ಸಂಸಾರಕ್ಕೆ ಮೂವತ್ತು ವರ್ಷದ ಬಳಕೆ. ಒಕ್ಕಲು ಬರುವ ಮುನ್ನವೇ, ದೀಪವೊಂದನ್ನೂ ಹಚ್ಚುವ ಮುನ್ನವೇ, ಗೋಡೆಯ ಆಯ್ಕೆಯೊಂದರಿಂದ ಅಷ್ಟು ಉಳಿಯುತ್ತದೆ.

ಆ ಇಟ್ಟಿಗೆಯ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ತುಮಕೂರಿನ ಕಡೆಯ ಒಂದು ಹಳ್ಳಿಯಲ್ಲಿ, ಶಾಲೆಯ ಕೋಣೆಯೊಂದು ಏಳುತ್ತಿದ್ದ ಜಾಗದಲ್ಲಿ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಬಂಧಕ್ಕಾಗಿ ಅಲ್ಲಿ ಬೀಡುಬಿಟ್ಟಿದ್ದಳು. ಬುನಾದಿಗೆ ಅಗೆದ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚಾಗಿತ್ತು. ಗಾಜಿನ ಜಾಡಿಯಲ್ಲಿ ನೀರಿನೊಡನೆ ಕುಲುಕಿ ಇಟ್ಟು, ಮರಳು ತಳಕ್ಕೂ ಜೇಡಿ ಮೇಲಕ್ಕೂ ಪದರಪದರವಾಗಿ ಕುಳಿತುದನ್ನು ಅಳೆದು, ಕಲ್ಲುಪುಡಿ ಎಷ್ಟು ಬೆರೆಸಬೇಕೆಂದು ಅವಳು ನಿಶ್ಚಯಿಸಿದ್ದಳು. ಜರಡಿ ಹಿಡಿದ ಮಣ್ಣಿಗೆ ಸಿಮೆಂಟು ಕಲಸಿ ನೀರು ಚಿಮುಕಿಸುವಾಗ, ಒಂದು ಹಿಡಿಯನ್ನು ತಕ್ಕಡಿಯಲ್ಲಿ ತೂಗಿ, ಒಲೆಯ ಮೇಲೆ ಒಣಗಿಸಿ, ಮತ್ತೆ ತೂಗಿ ತೇವದ ಪ್ರಮಾಣ ಕಂಡುಹಿಡಿಯುವುದು ಅವಳ ಕ್ರಮ. ಅಲ್ಲಿದ್ದ ವೃದ್ಧ ಮೇಸ್ತ್ರಿ ಅದನ್ನು ಒಂದೆರಡು ಸಲ ನೋಡಿ, ತಾನೂ ಒಂದು ಹಿಡಿ ಮಣ್ಣು ಎತ್ತಿಕೊಂಡು, ಉಂಡೆ ಕಟ್ಟಿ, ಎದೆಯ ಎತ್ತರದಿಂದ ಗಟ್ಟಿನೆಲಕ್ಕೆ ಬಿಟ್ಟನು. ಉಂಡೆ ನಾಲ್ಕೈದು ಹೆಂಟೆಯಾಗಿ ಒಡೆಯಿತು. “ಅಂಗೈಗೆ ಮೆತ್ತಬಾರದು, ಬಿದ್ದರೆ ಹಿಟ್ಟಾಗಬಾರದು. ಹದ ಅಂದ್ರೆ ಇದೇ ಕಣವ್ವ” ಎಂದನು. “ತಾತ, ಇನ್ನೊಂದು ಸಲ ಕಟ್ಟಿ” ಎಂದು ಅವಳು ಆ ಉಂಡೆಯನ್ನೇ ಇಸಿದುಕೊಂಡು ತೂಗಿದಳು. ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಪ್ರಮಾಣಕ್ಕೂ ಅದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಆ ಸಂಜೆಯೊಳಗೆ ಅವಳ ಟಿಪ್ಪಣಿಯಲ್ಲಿ ಹೊಸ ಕಲಮೊಂದು ಸೇರಿಕೊಂಡಿತು: ಪ್ರತಿ ಕಲಸಿಗೂ ಮೇಸ್ತ್ರಿಯ ಉಂಡೆ ಎಷ್ಟು ಹೋಳಾಯಿತೆಂಬ ಲೆಕ್ಕ.

ಮೇಸ್ತ್ರಿಯ ಕೈಗೆ ತಿಳಿಯದ ಸಂಗತಿಯೂ ಒಂದಿತ್ತು. ಒಣಗಿದ ಇಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಅವನು ಮೆಚ್ಚುತ್ತಿದ್ದನು. ಆದರೆ ಮಣ್ಣಿನ ಇಟ್ಟಿಗೆಯ ನಿಜವಾದ ಬಲ ಗೊತ್ತಾಗುವುದು ನೀರಿನಲ್ಲಿ ಚೆನ್ನಾಗಿ ನೆನೆಸಿ ಯಂತ್ರದಲ್ಲಿ ಒತ್ತಿದಾಗ. ಒಣಗಿದ್ದಾಗಿನ ಬಲವು ಅರ್ಧಕ್ಕೂ ಇಳಿದೀತು. ಕೆಮ್ಮಣ್ಣಿಗೆ ಸಿಮೆಂಟು ಹೊಂದುವಂತೆ ವಿಜಯಪುರದ ಎರೆಮಣ್ಣಿಗೆ ಹೊಂದದು. ನೀರು ಕುಡಿದು ಉಬ್ಬುವ ಆ ಜಾತಿಯ ಜೇಡಿಯನ್ನು ಪಳಗಿಸುವುದು ಸುಣ್ಣ. ಕೈಯ ಹದವೂ ಯಂತ್ರದ ಅಂಕೆಯೂ ಒಂದನ್ನೊಂದು ಪರೀಕ್ಷಿಸಿಕೊಳ್ಳುವ ಇಂಥ ಸ್ಥಳವೇ ಈ ಶಾಸ್ತ್ರದ ಗರ್ಭಗೃಹ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ಲಾರಿ ಬೇಕರ್ ತಮ್ಮ ಶಿಷ್ಯರಿಗೆ ಕಲಿಸಿದ್ದೂ ಇಂಥ ಸ್ಥಳಗಳಲ್ಲಿಯೇ: ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ ಗೋಡೆಯು ಸುಮಾರು ಕಾಲುಭಾಗ ಇಟ್ಟಿಗೆಯನ್ನು ಉಳಿಸಿ, ಆ ಪೊಳ್ಳಿನಲ್ಲಿಯೇ ಬಿಸಿಲನ್ನೂ ತಡೆಯುತ್ತದೆ.

ಹಾಗೆಂದು ಹಳೆಯದೆಲ್ಲವನ್ನೂ ಪೂಜಿಸುವ ವಿದ್ಯೆಯೂ ನಮಗೆ ಬೇಡ. ಬಯಲುಸೀಮೆಯ ಮಾಳಿಗೆ ಮನೆಯ ತಂಪನ್ನು ಹೊಗಳುವವರು, ಅದರ ಬೆಳಕಿಲ್ಲದ ನಡುಮನೆಯನ್ನೂ, ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹೊತ್ತ, ಗೋಡೆಗೆ ಸಾರಣೆ ಮಾಡಿದ ಹೆಂಗಸರ ಸೊಂಟವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸಂಪನ್ಮೂಲವೆಂಬ ಮಾತಿನಲ್ಲಿ ಮನುಷ್ಯರ ಶ್ರಮವೂ ಸೇರಿದೆ; ಪಠ್ಯಕ್ರಮಗಳಲ್ಲಿ ಇದಕ್ಕೆ ಇನ್ನೂ ತಕ್ಕ ಸ್ಥಾನ ದೊರೆತಿಲ್ಲ.

ಈ ಶತಮಾನದಲ್ಲಿ ವ್ಯಾಸಂಗದ ಒಲವು ಗೋಡೆಯ ಹುಟ್ಟಿನಿಂದ ಕಟ್ಟಡದ ದಿನಚರಿಯ ಕಡೆಗೆ ತಿರುಗಿತು. 2001ರ ಶಕ್ತಿ ಸಂರಕ್ಷಣಾ ಕಾಯಿದೆ, ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಹೊರಟು 2017ರಲ್ಲಿ ಪರಿಷ್ಕೃತವಾದ ಸಂಹಿತೆ, ವಾಸದ ಮನೆಗಳಿಗಾಗಿ 2018ರ ಇಕೋ ನಿವಾಸ ಸಂಹಿತೆ, ಗೃಹ ಮತ್ತು ಲೀಡ್ ಎಂಬ ಶ್ರೇಯಾಂಕ ಪದ್ಧತಿಗಳು ಇವೆಲ್ಲ ಸೇರಿ ಹೊಸ ಉದ್ಯೋಗಗಳನ್ನು ಸೃಷ್ಟಿಸಿದವು. ಉದ್ಯೋಗದ ಹಿಂದೆ ತರಗತಿಗಳು ಬಂದವು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವು ಕಟ್ಟಡಗಳ ಶಕ್ತಿಬಳಕೆಯನ್ನು ಸ್ನಾತಕೋತ್ತರ ವಿಷಯವಾಗಿ ಬೋಧಿಸುತ್ತಿದೆ. ಅಲ್ಲಿಯ ಸಂಶೋಧನಾ ಕೇಂದ್ರವು ತಾನಿರುವ ಕಟ್ಟಡವನ್ನೇ, ವರ್ಷಕ್ಕೆ ಬಳಸಿದಷ್ಟು ಶಕ್ತಿಯನ್ನು ತಾನೇ ಉತ್ಪಾದಿಸುವಂತೆ ಯೋಜಿಸಿ, ಜೀವಂತ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದೆ. ಇದು ಶ್ಲಾಘ್ಯವಾದ ಮಾರ್ಗ. ಏಕೆಂದರೆ ವಿದ್ಯಾರ್ಥಿಯು ತನ್ನ ಲೆಕ್ಕ ತಪ್ಪಿದರೆ ಅದೇ ಕೋಣೆಯಲ್ಲಿ ಕುಳಿತು ಬೆವರಬೇಕಾಗುತ್ತದೆ.

ಈ ಒಲವಿನಲ್ಲಿ ಅಪಾಯವೂ ಇದೆ. ಗಣಕಯಂತ್ರದ ಅನುಕರಣ ತಂತ್ರಾಂಶಗಳು ಬಹು ಸಮರ್ಥವಾದವು. ಕಟ್ಟಡದ ಒಂದೊಂದು ಗಂಟೆಯ ಶಾಖವನ್ನು ವರ್ಷದ 8760 ಗಂಟೆಗಳಿಗೂ ಲೆಕ್ಕಹಾಕಿ ಕೊಡುತ್ತವೆ. ಆದರೆ ಕೇಳುವ ಪ್ರಶ್ನೆಯು ಪರದೇಶದ್ದಾದರೆ ಉತ್ತರವೂ ಪರದೇಶದ್ದೇ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಕಟ್ಟಿದ ಪ್ಯಾಸಿವ್‌ಹೌಸ್ ಚಳಿಯ ನಾಡಿನ ಒಂದು ಪರಮಸಾಧನೆ: ಗಾಳಿ ಸೋರದ ಮೈ, ದಪ್ಪ ಹೊದಿಕೆ, ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ಟಿನೊಳಗೆ ಮುಗಿಯುವ ಬೆಚ್ಚಗಿಡುವ ವೆಚ್ಚ. ಅಲ್ಲಿ ಓದಿ ಬರುವ ನಮ್ಮ ಹುಡುಗರು ಆ ಶಿಸ್ತನ್ನು ತರಬೇಕು, ಸೂತ್ರವನ್ನು ತರಬಾರದು. ಕರಾವಳಿಯ ಮನೆಗೆ ಬೇಕಾದದ್ದು ಗಾಳಿ ಹಾದುಹೋಗುವ ಜಾಲಂದ್ರ. ಸೂರ್ಯನ ವಿಷಯವೂ ಹಾಗೆಯೇ. ಉತ್ತರದ ದೇಶಗಳ ಗ್ರಂಥಗಳು ಉತ್ತರದ ಗೋಡೆಗೆ ಬಿಸಿಲಿಲ್ಲವೆಂದು ಹೇಳಿ ಮುಂದೆ ಸಾಗುತ್ತವೆ. ಬೆಂಗಳೂರು ಇರುವುದು 13ನೆಯ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗೆ ಉತ್ತರದಲ್ಲಿರುತ್ತಾನೆ. ಉತ್ತರದ ಕಿಟಕಿಗೆ ಸಜ್ಜ ಬೇಡವೆಂದು ಬರೆದ ನಕ್ಷೆಯನ್ನು ನಾನು ಕಂಡಿದ್ದೇನೆ. ಬರೆದವನು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವನು, ಮನೆಯವರು ಮೇ ತಿಂಗಳಲ್ಲಿ ಆ ಕಿಟಕಿಗೆ ಕಂಬಳಿ ಕಟ್ಟಿಕೊಂಡಿದ್ದರು.

ನೀರಿನ ವಿಚಾರವನ್ನು ಒಂದು ಲೆಕ್ಕದಲ್ಲಿ ಮುಗಿಸುತ್ತೇನೆ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ನೂರು ಚದರ ಮೀಟರಿನ ತಾರಸಿಯ ಮೇಲೆ ಬಿದ್ದುದರಲ್ಲಿ ನೂರಕ್ಕೆ 85ನ್ನು ಹಿಡಿದರೂ 82,000 ಲೀಟರ್ ದೊರೆಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ಅದು ಐದು ತಿಂಗಳ ನೀರು. 2009ರಿಂದ ನಗರದಲ್ಲಿ ಗೊತ್ತುಪಡಿಸಿದ ಅಳತೆ ಮೀರಿದ ನಿವೇಶನಗಳಿಗೆ ಮಳೆಕೊಯ್ಲು ಕಾನೂನಿನ ಕಡ್ಡಾಯ. ಆದರೆ ತಿಂಗಳಾನುತಿಂಗಳು ಬರುವ ಮಳೆಗೂ ಬಳಸುವ ನೀರಿಗೂ ತಾಳೆ ಹಾಕಿ, ತೊಟ್ಟಿ ಎಷ್ಟು ದೊಡ್ಡದಿರಬೇಕು, ಎಷ್ಟನ್ನು ಇಂಗುಗುಂಡಿಗೆ ಬಿಡಬೇಕು ಎಂದು ನಿರ್ಣಯಿಸುವಷ್ಟರಲ್ಲಿ ಒಂದು ಸತ್ರದ ಪಾಠವೇ ಅಡಗಿದೆ.

ಸಿಮೆಂಟಿನ ರಸಾಯನದಲ್ಲಿಯೂ ದೊಡ್ಡ ಕೆಲಸ ನಡೆದಿದೆ. ಸುಣ್ಣಕಲ್ಲನ್ನು ಸುಟ್ಟಾಗ ನೂರು ತೂಕದಲ್ಲಿ 44 ತೂಕ ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೆ ಹೋಗುವುದು ಪ್ರಕೃತಿನಿಯಮ. ಒಲೆಯನ್ನು ಎಷ್ಟು ಸುಧಾರಿಸಿದರೂ ಅದು ತಪ್ಪದು. ಆದುದರಿಂದ ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ದೆಹಲಿ, ಮದರಾಸಿನ ಐಐಟಿಗಳ ವಿಜ್ಞಾನಿಗಳು ಕೂಡಿ, ಹೀಗೆ ಸುಟ್ಟು ಪಡೆದ ಕ್ಲಿಂಕರಿನಲ್ಲಿ ಅರ್ಧದಷ್ಟನ್ನು ತೆಗೆದು ಆ ಜಾಗಕ್ಕೆ 800 ಡಿಗ್ರಿಯ ಆಸುಪಾಸಿನಲ್ಲಿ ಹುರಿದ ಜೇಡಿಮಣ್ಣನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುವ ಸಿಮೆಂಟನ್ನು ರೂಪಿಸಿದ್ದಾರೆ. ರಸಾಯನಶಾಸ್ತ್ರ ಓದಿದವರಿಗೂ ಕಟ್ಟಡವಿದ್ಯೆಯ ಉನ್ನತ ತರಗತಿಗಳ ಬಾಗಿಲು ತೆರೆದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಭಾಷೆ. ಕನ್ನಡದಲ್ಲಿ ಶಾಲೆ ಕಲಿತು ಈ ವ್ಯಾಸಂಗಕ್ಕೆ ಬಂದ ವಿದ್ಯಾರ್ಥಿಗೆ ಹದ, ಇರಚಲು, ಸಜ್ಜ, ಗಾರೆ, ಮುರಕಲ್ಲು, ಚಪ್ಪಡಿ ಎಂಬ ಮಾತುಗಳು ಹುಟ್ಟಿನಿಂದ ಬಂದ ಆಸ್ತಿ. ತರಗತಿಯೊಳಗೆ ಕಾಲಿಟ್ಟಕೂಡಲೇ ಆ ಆಸ್ತಿಯನ್ನು ಹೊಸಿಲಾಚೆ ಬಿಟ್ಟುಬರಬೇಕಾದ ಸ್ಥಿತಿ ಅವನಿಗೆ ಒದಗುವುದನ್ನು ನೋಡಿ ನಾನು ನೊಂದಿದ್ದೇನೆ. ಈ ಆಸ್ತಿ ಕನ್ನಡಿಗರದಷ್ಟೇ ಅಲ್ಲ. ಬೆಂಗಳೂರಿನ ಗಾರೆಕೆಲಸದಲ್ಲಿ ಇಂದು ಬಿಹಾರದ, ಬಂಗಾಳದ, ಒಡಿಶಾದ ಜನ ಬಹಳ. ಅವರವರ ಕೈಗೂ ಅವರವರ ಊರಿನ ಹದ ಉಂಟು. ಪ್ರಬಂಧ ಪರೀಕ್ಷೆಯಲ್ಲಿ ಪ್ರಾಧ್ಯಾಪಕರ ಜೊತೆಗೆ ಒಬ್ಬ ಮೇಸ್ತ್ರಿಯನ್ನೂ ಕುಳ್ಳಿರಿಸಿ, ವಿದ್ಯಾರ್ಥಿಯು ತನ್ನ ನಿರ್ಣಯವನ್ನು ಆತನಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ, ಆತನ ಪ್ರಶ್ನೆಗೆ ಉತ್ತರ ಹೇಳಬೇಕೆಂಬ ನಿಯಮವನ್ನು ಯಾವುದಾದರೂ ವಿಶ್ವವಿದ್ಯಾಲಯ ಮಾಡಿದರೆ, ಆ ವಿಶ್ವವಿದ್ಯಾಲಯದ ಪದವಿಯನ್ನು ನಾನು ಬಹಳ ಗೌರವದಿಂದ ನೋಡುವೆನು.

ಪ್ರಬಂಧಕ್ಕೆ ವಸ್ತುವಿನ ಕೊರತೆಯಂತೂ ಇಲ್ಲ. ಆಗುಂಬೆಯ ಮಳೆಯಲ್ಲಿ ನೂರು ವರ್ಷ ನಿಂತ ಮುರಕಲ್ಲಿನ ಗೋಡೆ ಎಷ್ಟು ನೀರು ಕುಡಿದು ಎಷ್ಟು ದಿನದಲ್ಲಿ ಆರುತ್ತದೆ? ಮಂಗಳೂರು ಹೆಂಚಿನ ಕೆಳಗೆ ಹಲಗೆ ಹೊದಿಸಿದ ಅಟ್ಟಕ್ಕೂ ಹೊದಿಸದ ಅಟ್ಟಕ್ಕೂ ಏಪ್ರಿಲ್ ಮಧ್ಯಾಹ್ನ ಎಷ್ಟು ಡಿಗ್ರಿ ಅಂತರ? ತೊಟ್ಟಿ ಮನೆಯ ತೊಟ್ಟಿಗೆ ಗಾಜು ಮುಚ್ಚಿಸಿದ ಮೇಲೆ ಒಳಗಿನ ಗಾಳಿ ಏನಾಯಿತು? ತುಮಕೂರಿನ ಕಡೆಯ ಆ ಶಾಲೆಯ ಕೋಣೆಗೆ ಕಳೆದ ಮಳೆಗಾಲದ ಕೊನೆಯಲ್ಲಿ ನಾನು ಮತ್ತೆ ಹೋಗಿದ್ದೆ. ಗಿಲಾವು ಮಾಡದ ಕೆಂಪು ಗೋಡೆ. ತೆಂಕಣ ಮೂಲೆಯಲ್ಲಿ ನೀರಿಳಿದ ಕಡೆ ಎರಡು ವರಸೆ ಇಟ್ಟಿಗೆಯ ಮೈ ಸ್ವಲ್ಪ ಸವೆದಿತ್ತು. ಸೂರಿನ ಚಾಚು ಅಲ್ಲಿ ಒಂದು ಗೇಣು ಕಡಮೆಯಾಗಿದೆಯೆಂದು ಮೇಷ್ಟರು ಹೇಳಿದರು. ಪ್ರಬಂಧ ಮುಗಿಸಿ ಪದವಿ ಪಡೆದು ಹೋದ ಆ ಹುಡುಗಿ ಹಿಂದಿನ ವಾರ ಬಂದು, ಸವೆದ ಆಳವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಂಡು, ಮೇಸ್ತ್ರಿ ತಾತನ ಮನೆಗೂ ಹೋಗಿ, ಚಾಚು ಹೆಚ್ಚಿಸುವ ಬಗೆ ಕೇಳಿಕೊಂಡು ಹೋದಳಂತೆ.